ಬಯಲಿನ ಒಂದು ಕೊಡಕ್ಕೆ ಬೆಟ್ಟದ ಎರಡು ಕೊಡ

(ಹವಾಗುಣ ಬದಲಾವಣೆ ಹಾಗೂ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ವಿದ್ಯುತ್ ಜಾಲವನ್ನು ಕುರಿತ ಉಪನ್ಯಾಸದ ಬರಹರೂಪ)



ವಿದ್ಯುತ್ತಿನ ತೊಂದರೆ ಎಂದೊಡನೆ ಕಣ್ಣ ಮುಂದೆ ಬರುವುದು ಬಾಗಿದ ಕಂಬ, ಹರಿದು ಬಿದ್ದ ತಂತಿ, ಸುಟ್ಟುಹೋದ ಟಿ.ಸಿ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಮಾರ್ಚ್ ತಿಂಗಳಿನಲ್ಲಿ ಟಿ.ಸಿ. ಸುಡುವುದು, ಮೇ ತಿಂಗಳಿನ ಗಾಳಿಮಳೆಗೆ ಕಂಬ ಉರುಳುವುದು ಯಾರಿಗೂ ಹೊಸ ಸಂಗತಿಯಲ್ಲ. ಇವೆಲ್ಲ ಲೈನ್‌ಮನ್ ಬಂದು ಸರಿಪಡಿಸಬೇಕಾದ ದುರಸ್ತಿಯ ವಿಷಯಗಳೆಂದೇ ಬಹುಮಂದಿಯ ಭಾವನೆ. ಆ ಭಾವನೆ ಅರ್ಧ ಮಾತ್ರ ಸರಿ. ಹವಾಗುಣ ಬದಲಾಗುತ್ತಿರುವ ಈ ಕಾಲದಲ್ಲಿ ಬಯಲುಸೀಮೆಯ ವಿದ್ಯುತ್ತಿನ ಅಪಾಯವು ಮೂಲತಃ ನೀರಿನ ಅಪಾಯವೇ ಆಗಿದೆ. ಮಳೆ ತಪ್ಪಿದ ವರ್ಷ ವಿದ್ಯುತ್ತು ಹುಟ್ಟುವ ಬೆಟ್ಟದಲ್ಲಿಯೂ ಕೊರತೆ, ಅದನ್ನು ಬಳಸುವ ಬಯಲಿನಲ್ಲಿಯೂ ಹೆಚ್ಚಿದ ಬೇಡಿಕೆ. ಎರಡು ತುದಿಗಳೂ ಏಕಕಾಲದಲ್ಲಿ ಎಳೆದಾಗ ನಡುವಿನ ತಂತಿ ಎಷ್ಟು ಗಟ್ಟಿಯಾಗಿದ್ದರೂ ಸಾಲದು. ಈ ಉಪನ್ಯಾಸದಲ್ಲಿ ವಿವರಿಸಬೇಕಾಗಿರುವುದು ಇದೊಂದೇ ವಿಷಯ.

ಒಂದು ಸರಳ ಲೆಕ್ಕ

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಕಡೆಗೂ, ದಕ್ಷಿಣ ಪಿನಾಕಿನಿ ದೇವನಹಳ್ಳಿ, ಹೊಸಕೋಟೆಗಳ ಕಡೆಗೂ ಹರಿದುಬರುತ್ತವೆಯಾದರೂ ಅವು ಮಳೆಗಾಲದ ಹೊಳೆಗಳು. ಹಿಂದಿನವರು ಈ ಹೊಳೆಗಳ ದಾರಿಯಲ್ಲಿ ಕೆರೆಗಳನ್ನು ಸರಪಣಿಯಂತೆ ಕಟ್ಟಿದರು. ಕೆರೆಯ ಕೆಳಗಿನ ತೆರೆದ ಬಾವಿಗಳಲ್ಲಿ ಇಪ್ಪತ್ತು ಮೂವತ್ತು ಅಡಿಗೆ ನೀರು ಸಿಗುತ್ತಿತ್ತು. ಕಪಿಲೆಯ ಎತ್ತುಗಳು ಅದನ್ನು ಮೇಲೆತ್ತುತ್ತಿದ್ದವು. ಇಂದು ಕೇಂದ್ರ ಅಂತರ್ಜಲ ಮಂಡಳಿಯ ವರ್ಗೀಕರಣದಂತೆ ಈ ಜಿಲ್ಲೆಯ ತಾಲ್ಲೂಕುಗಳು ಅತಿಬಳಕೆಯ ಪಟ್ಟಿಯಲ್ಲಿವೆ. ಪ್ರತಿವರ್ಷ ಭೂಮಿಯೊಳಗೆ ಇಳಿಯುವುದಕ್ಕಿಂತ ಮೇಲೆತ್ತುವುದೇ ಹೆಚ್ಚು. ಸಾವಿರ ಅಡಿ ದಾಟಿದ ಕೊಳವೆಬಾವಿಗಳು ಇಲ್ಲಿ ಅಪರೂಪವಲ್ಲ.

ನೀರೆತ್ತಲು ಬೇಕಾಗುವ ಶಕ್ತಿ ಆಳಕ್ಕೆ ಅನುಗುಣವಾಗಿ ಏರುತ್ತದೆ. ನೂರು ಅಡಿಯಿಂದ ಎತ್ತುವ ನೀರಿಗೂ ಸಾವಿರ ಅಡಿಯಿಂದ ಎತ್ತುವ ನೀರಿಗೂ ರುಚಿಯಲ್ಲಿ ಭೇದವಿರಬಹುದು, ಇಲ್ಲದಿರಬಹುದು. ವಿದ್ಯುತ್ತಿನ ಲೆಕ್ಕದಲ್ಲಿ ಮಾತ್ರ ಹತ್ತುಪಟ್ಟು ವ್ಯತ್ಯಾಸವಿದೆ. ಪಂಪು, ಮೋಟಾರು, ಪೈಪು ಎಲ್ಲ ಸೇರಿ ಒಟ್ಟು ದಕ್ಷತೆ ಶೇಕಡ 40 ಎಂದು ಹಿಡಿದರೆ, ಸಾವಿರ ಅಡಿಯ ಆಳದಿಂದ ಸಾವಿರ ಲೀಟರ್ ನೀರನ್ನು ಮೇಲೆತ್ತಲು ಸುಮಾರು ಎರಡು ಯೂನಿಟ್ ವಿದ್ಯುತ್ತು ಬೇಕು.

ಇದೇ ಲೆಕ್ಕವನ್ನು ಬೆಟ್ಟದ ತುದಿಯಿಂದ ನೋಡಬಹುದು. ಶರಾವತಿ ವಿದ್ಯುದಾಗಾರದಲ್ಲಿ ನೀರು ಸುಮಾರು 440 ಮೀಟರ್ ಎತ್ತರದಿಂದ ಕೊಳವೆಗಳಲ್ಲಿ ಧುಮುಕಿ ಚಕ್ರಗಳನ್ನು ತಿರುಗಿಸುತ್ತದೆ. ಹಾಗೆ ಧುಮುಕುವ ಸಾವಿರ ಲೀಟರ್ ನೀರಿನಿಂದ ಹುಟ್ಟುವ ವಿದ್ಯುತ್ತು ಸುಮಾರು ಒಂದು ಯೂನಿಟ್. ದಾರಿಯಲ್ಲಾಗುವ ಸೋರಿಕೆಯನ್ನು ಬಿಟ್ಟರೂ ಬಯಲಿನ ಕೊಳವೆಬಾವಿಯಿಂದ ಒಂದು ಕೊಡ ನೀರು ಮೇಲೆ ಬರಬೇಕಾದರೆ ಬೆಟ್ಟದಲ್ಲಿ ಎರಡು ಕೊಡ ನೀರು ಕೆಳಗೆ ಬೀಳಬೇಕು. ಇಂದು ಪಂಪ್‌ಸೆಟ್ಟುಗಳಿಗೆ ಹರಿಯುವ ವಿದ್ಯುತ್ತೆಲ್ಲವೂ ಶರಾವತಿಯದಲ್ಲ. ಕಲ್ಲಿದ್ದಲು, ಬಿಸಿಲು, ಗಾಳಿಗಳ ಪಾಲು ಅದರಲ್ಲಿ ದೊಡ್ಡದಿದೆ. ಆದರೂ ಈ ಲೆಕ್ಕ ಒಂದು ಸತ್ಯವನ್ನು ತೋರಿಸುತ್ತದೆ. ಬೆಟ್ಟದ ನೀರನ್ನು ಬೀಳಿಸಿ, ಆ ಶಕ್ತಿಯಿಂದ ಅದಕ್ಕಿಂತ ಕಡಿಮೆ ನೀರನ್ನು ಬಯಲಿನಲ್ಲಿ ಎತ್ತುವ ಸ್ಥಿತಿಗೆ ರಾಜ್ಯ ಬಂದು ನಿಂತಿದೆ.

2023: ಎರಡೂ ತುದಿ ಬರಿದಾದ ವರ್ಷ

2023ರ ಆಗಸ್ಟ್ ತಿಂಗಳು, ದೇಶದಲ್ಲಿ 1901ರಿಂದ ಲೆಕ್ಕವಿಟ್ಟ ಆಗಸ್ಟ್ ತಿಂಗಳುಗಳಲ್ಲೆಲ್ಲ ಅತ್ಯಂತ ಕಡಿಮೆ ಮಳೆ ಕಂಡ ತಿಂಗಳು. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಲಾಯಿತು. ಆ ವರ್ಷ ನಡೆದುದನ್ನು ಕ್ರಮವಾಗಿ ಗಮನಿಸಬೇಕು. ಮಳೆ ಕೈಕೊಟ್ಟ ಕೂಡಲೇ ರಾಗಿ, ಜೋಳ, ತರಕಾರಿ ಉಳಿಸಿಕೊಳ್ಳಲು ರೈತರು ಪಂಪ್‌ಸೆಟ್ಟುಗಳನ್ನು ನಡೆಸಿದರು. ಮಳೆಗಾಲದಲ್ಲಿ ತಗ್ಗಬೇಕಾಗಿದ್ದ ವಿದ್ಯುತ್ ಬೇಡಿಕೆ ಬೇಸಗೆಯ ಮಟ್ಟಕ್ಕೆ ಏರಿತು. ಅದೇ ಸಮಯದಲ್ಲಿ ಲಿಂಗನಮಕ್ಕಿ ಮೊದಲಾದ ಜಲಾಶಯಗಳು ತುಂಬಲಿಲ್ಲ; ಇದ್ದ ನೀರನ್ನು ಮುಂದಿನ ಬೇಸಗೆಗೆಂದು ಕಾದಿಡಬೇಕಾಯಿತು. ಅಕ್ಟೋಬರ್ ತಿಂಗಳಿನಲ್ಲಿ ಹೊಲಗಳಿಗೆ ತ್ರೀ ಫೇಸ್ ವಿದ್ಯುತ್ತು ಏಳು ಗಂಟೆಯಿಂದ ಐದು ಗಂಟೆಗೆ ಇಳಿಯಿತು. ರಾಜ್ಯದ ಖಾಸಗಿ ಉತ್ಪಾದಕರು ತಮ್ಮ ವಿದ್ಯುತ್ತನ್ನು ರಾಜ್ಯಕ್ಕೇ ಕೊಡಬೇಕೆಂದು 2003ರ ವಿದ್ಯುಚ್ಛಕ್ತಿ ಕಾಯಿದೆಯ 11ನೆಯ ವಿಧಿಯನ್ನು ಸರ್ಕಾರ ಬಳಸಿತು. ರೈತರು ಬೀದಿಗಿಳಿದ ಮೇಲೆ ನವೆಂಬರ್ ತಿಂಗಳಿನಲ್ಲಿ ಏಳು ಗಂಟೆಯ ಪೂರೈಕೆ ಮತ್ತೆ ಘೋಷಣೆಯಾಯಿತು. ಮುಂದಿನ ಮಾರ್ಚ್‌ನಲ್ಲಿ ರಾಜ್ಯದ ಗರಿಷ್ಠ ಬೇಡಿಕೆ 17,000 ಮೆಗಾವಾಟ್ ದಾಟಿತು.

ಐದು ಗಂಟೆಯ ವಿದ್ಯುತ್ತೆಂದರೆ ಅಂಕಿಯಲ್ಲಿ ಎರಡು ಗಂಟೆಯ ಕಡಿತ. ಹೊಲದಲ್ಲಿ ಅದರ ಅರ್ಥ ಬೇರೆ. ಬತ್ತುತ್ತಿರುವ ಕೊಳವೆಬಾವಿ ಬಿಟ್ಟುಬಿಟ್ಟು ನೀರು ಕೊಡುತ್ತದೆ. ಒಂದು ಗಂಟೆ ನಡೆದ ಪಂಪು ಅರ್ಧ ಗಂಟೆ ನಿಲ್ಲಬೇಕಾಗುತ್ತದೆ. ಆದುದರಿಂದ ಐದು ಗಂಟೆಯಲ್ಲಿ ಮಡಿಯ ಕೊನೆಯವರೆಗೆ ನೀರು ಮುಟ್ಟುವುದೇ ಇಲ್ಲ. ದೇವನಹಳ್ಳಿಯ ದ್ರಾಕ್ಷಿ ತೋಟಕ್ಕಾಗಲಿ, ವಿಜಯಪುರ ಭಾಗದ ಹಿಪ್ಪುನೇರಳೆಗಾಗಲಿ ಹದಿನೈದು ದಿನದ ತಪ್ಪಿದ ನೀರು ಒಂದು ಬೆಳೆಯ ನಷ್ಟ. ಸೊಪ್ಪು ಸಿಗದ ರೇಷ್ಮೆ ಹುಳು ವಿದ್ಯುತ್ತು ಬರುವವರೆಗೆ ಕಾಯುವುದಿಲ್ಲ. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದ ನೇಕಾರನಿಗೆ ನೇಯ್ದ ಸೀರೆಗೆ ಮಾತ್ರ ಕೂಲಿ. ನಿಂತ ಮಗ್ಗಕ್ಕೆ ಕೂಲಿಯಿಲ್ಲ. ಹಳ್ಳಿಯ ಹಾಲು ಶೀತಲೀಕರಣ ಘಟಕ ನಿಂತರೆ ಹೊತ್ತು ಏರುವುದರೊಳಗೆ ಹಾಲು ಒಡೆಯುತ್ತದೆ.

ಮಳೆ ದುರ್ಬಲವಾದಾಗ ಪಂಪ್‌ಸೆಟ್ಟುಗಳ ಹೊರೆ ಏರಿ ಜಾಲವೇ ತತ್ತರಿಸುವ ಸಂಭವಕ್ಕೆ ದೇಶದಲ್ಲಿ ನಿದರ್ಶನವಿದೆ. 2012ರ ಜುಲೈ 30 ಹಾಗೂ 31ರಂದು ಉತ್ತರ ಭಾರತದ ಜಾಲ ಕುಸಿದು, ಎರಡನೆಯ ದಿನ ಪೂರ್ವ ಹಾಗೂ ಈಶಾನ್ಯ ಜಾಲಗಳನ್ನೂ ಎಳೆದುಕೊಂಡು, ಸುಮಾರು 60 ಕೋಟಿ ಜನರು ಕತ್ತಲಲ್ಲಿದ್ದರು. ಜಾಲದ ನಡುವಿನ ಕೊಂಡಿಗಳು ದುರ್ಬಲವಾಗಿದ್ದುದು, ಕೆಲವು ರಾಜ್ಯಗಳು ಪಾಲಿಗಿಂತ ಹೆಚ್ಚು ಎಳೆದುದು ಅದಕ್ಕೆ ಕಾರಣಗಳು. ಮುಂಗಾರು ಸೊರಗಿ ನೀರಾವರಿಯ ಬೇಡಿಕೆ ಏರಿದ್ದುದು ಅದರ ಹಿನ್ನೆಲೆ. ದಕ್ಷಿಣದ ಜಾಲ ಅಂದು ಪ್ರತ್ಯೇಕವಾಗಿದ್ದುದರಿಂದ ಉಳಿದುಕೊಂಡಿತು. 2013ರ ಡಿಸೆಂಬರ್ 31ರಂದು ರಾಯಚೂರು-ಸೋಲಾಪುರ ಮಾರ್ಗದ ಮೂಲಕ ದಕ್ಷಿಣವೂ ರಾಷ್ಟ್ರೀಯ ಜಾಲವನ್ನು ಸೇರಿತು. ಇದರಿಂದ ಕೊರತೆಯ ದಿನಗಳಲ್ಲಿ ಹೊರಗಿನ ವಿದ್ಯುತ್ತು ತರುವ ಅನುಕೂಲ ಹೆಚ್ಚಿತು. ದೂರದ ಆಘಾತದಲ್ಲಿ ಪಾಲುಗೊಳ್ಳುವ ಸಾಧ್ಯತೆಯೂ ಕೂಡಿಕೊಂಡಿತು.

ಬಿಸಿಲು ಏರಿದಾಗ

ಬರದ ಜೊತೆಗೆ ಬರುವುದು ಬಿಸಿಲು. ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ, 2024ರ ಏಪ್ರಿಲ್‌ನಲ್ಲಿ 38.5 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ದಾಖಲಾಯಿತು. ತಂಪಿಗೆ ಹೆಸರಾದ ಸೀಮೆಯಲ್ಲಿ ಇವು ಸಣ್ಣ ಅಂಕಿಗಳಲ್ಲ. ವಿಶ್ವ ಹವಾಮಾನ ಸಂಸ್ಥೆಯ ಪ್ರಕಾರ 2024, ಕೈಗಾರಿಕೆಗಳ ಪೂರ್ವಕಾಲಕ್ಕಿಂತ ಒಂದೂವರೆ ಡಿಗ್ರಿಗೂ ಹೆಚ್ಚು ಬಿಸಿಯಾಗಿದ್ದ ಮೊದಲ ವರ್ಷ.

ವಿದ್ಯುತ್ ಸಲಕರಣೆಗಳು ಬಿಸಿಲನ್ನು ಮೌನವಾಗಿ ಸಹಿಸುತ್ತವೆಯಾದರೂ ಅದರ ಬೆಲೆಯನ್ನು ತೆರುತ್ತವೆ. ಟಿ.ಸಿ.ಯೊಳಗಿನ ತಂತಿಸುತ್ತುಗಳಿಗೆ ಕಾಗದದ ಹೊದಿಕೆಯಿದ್ದು, ಅದು ಎಣ್ಣೆಯಲ್ಲಿ ಮುಳುಗಿರುತ್ತದೆ. ಒಳಗಿನ ಶಾಖ ನಿಗದಿತ ಮಿತಿಯನ್ನು ಮೀರಿ ಏರಿದ ಪ್ರತಿ ಆರೇಳು ಡಿಗ್ರಿಗೆ ಆ ಕಾಗದದ ಆಯುಷ್ಯ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹೊರಗಿನ ಬಿಸಿಲು ಹಾಗೂ ಒಳಗಿನ ಹೊರೆ ಎರಡೂ ಸೇರಿದಾಗ ಇಪ್ಪತ್ತು ವರ್ಷ ಬಾಳಬೇಕಾದ ಟಿ.ಸಿ. ಕೆಲವೇ ಬೇಸಗೆಗಳಲ್ಲಿ ಸುಡುವುದು ಹೀಗೆ. ಅಲ್ಯೂಮಿನಿಯಂ ತಂತಿ ಬಿಸಿಯಾದಷ್ಟೂ ಹಿಗ್ಗಿ ಜೋತುಬೀಳುತ್ತದೆ. ಅದರ ಪ್ರತಿರೋಧವೂ ಏರಿ ದಾರಿಯಲ್ಲಿ ಸೋರುವ ವಿದ್ಯುತ್ತು ಹೆಚ್ಚುತ್ತದೆ. ಸೌರಫಲಕಕ್ಕೆ ಬಿಸಿಲು ಬೇಕು, ಬಿಸಿ ಬೇಡ. ಫಲಕದ ಶಾಖ 25 ಡಿಗ್ರಿಯನ್ನು ದಾಟಿದ ಮೇಲೆ ಪ್ರತಿ ಡಿಗ್ರಿಗೆ ಶೇಕಡ 0.4ರಷ್ಟು ಉತ್ಪಾದನೆ ತಗ್ಗುತ್ತದೆ.

ಇಲ್ಲಿ ಹೊಲದ ಪದ್ಧತಿಯೂ ಸೇರಿಕೊಳ್ಳುತ್ತದೆ. ವಿದ್ಯುತ್ತು ಯಾವಾಗ ಬರುವುದೋ ತಿಳಿಯದೆ ರೈತರು ಆಟೋ ಸ್ಟಾರ್ಟರ್ ಹಾಕಿಸಿಕೊಳ್ಳುತ್ತಾರೆ. ಫೀಡರಿಗೆ ವಿದ್ಯುತ್ತು ಬಂದ ಕ್ಷಣದಲ್ಲಿ ಒಂದು ಟಿ.ಸಿ.ಯ ಎಲ್ಲ ಮೋಟಾರುಗಳೂ ಒಟ್ಟಿಗೆ ಹೊರಡುತ್ತವೆ. ಹೊರಡುವಾಗ ಮೋಟಾರು ತನ್ನ ವಾಡಿಕೆಯ ವಿದ್ಯುತ್ತಿಗಿಂತ ಐದಾರು ಪಟ್ಟು ಎಳೆಯುತ್ತದೆ. ವೋಲ್ಟೇಜ್ ಕುಸಿಯುತ್ತದೆ, ಮೋಟಾರಿನ ಸುರುಳಿ ಬಿಸಿಯಾಗುತ್ತದೆ, ಕೊನೆಗೆ ಮೋಟಾರೋ ಟಿ.ಸಿ.ಯೋ ಸುಡುತ್ತದೆ. ಬದಲಿ ಟಿ.ಸಿ. ಬರುವವರೆಗೆ ಒಣಗುವುದು ಆ ಟಿ.ಸಿ.ಯ ಕೆಳಗಿನ ಎಲ್ಲರ ಬೆಳೆ. ರೈತನನ್ನಾಗಲಿ ಲೈನ್‌ಮನ್‌ನನ್ನಾಗಲಿ ದೂರಿ ಫಲವಿಲ್ಲ. ಅನಿಶ್ಚಿತವಾದ ಪೂರೈಕೆಯೇ ಆಟೋ ಸ್ಟಾರ್ಟರನ್ನು ಹುಟ್ಟಿಸಿದೆ. ಆಟೋ ಸ್ಟಾರ್ಟರ್ ಪೂರೈಕೆಯನ್ನು ಮತ್ತಷ್ಟು ಅನಿಶ್ಚಿತಗೊಳಿಸಿದೆ.

ಮಳೆ ಒಮ್ಮೆಗೇ ಸುರಿದಾಗ

ಹವಾಗುಣ ಬದಲಾವಣೆ ಎಂದರೆ ಬರ ಮಾತ್ರವಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇಕಡ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. ಆದುದರಿಂದ ಮಳೆಯಿಲ್ಲದ ದಿನಗಳೂ ಹೆಚ್ಚು, ಬಂದಾಗ ಸುರಿಯುವ ರಭಸವೂ ಹೆಚ್ಚು. 2021ರ ಅಕ್ಟೋಬರ್ 11ರ ರಾತ್ರಿಯ ಮಳೆಗೆ ದೇವನಹಳ್ಳಿ ತಾಲ್ಲೂಕಿನ ವಿಮಾನ ನಿಲ್ದಾಣದ ಮುಂದೆ ನೀರು ನಿಂತು, ಪ್ರಯಾಣಿಕರು ಟ್ರ್ಯಾಕ್ಟರ್ ಏರಿ ಹೋದರು. 2022ರಲ್ಲಿ ಬೆಂಗಳೂರಿನ ವಾರ್ಷಿಕ ಮಳೆ 2017ರ 1,696 ಮಿ.ಮೀ. ದಾಖಲೆಯನ್ನೂ ಮೀರಿತು. ಆ ವರ್ಷದ ಸೆಪ್ಟೆಂಬರ್ ಮೊದಲ ವಾರದಲ್ಲಿ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯ ಕಾವೇರಿ ಪಂಪ್‌ಮನೆಗೆ ಹೊಳೆಯ ನೀರು ನುಗ್ಗಿ ಯಂತ್ರಗಳು ಮುಳುಗಿದವು. ಬೀದಿಗಳಲ್ಲಿ ನೆರೆ ಹರಿಯುತ್ತಿದ್ದ ಬೆಂಗಳೂರಿನ ನಲ್ಲಿಗಳಲ್ಲಿ ಕುಡಿಯುವ ನೀರು ನಿಂತಿತು. ಮೋಟಾರು, ಸ್ವಿಚ್ಚುಗಳು ತಗ್ಗಿನಲ್ಲಿದ್ದರೆ ನೆರೆಯ ಒಂದು ರಾತ್ರಿ ಸಾಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪಾಠ ಬೇಕಿಲ್ಲ. ಕೆರೆಯಂಗಳದಲ್ಲಿ, ರಾಜಕಾಲುವೆಯ ಅಂಚಿನಲ್ಲಿ ಜಾಗ ಅಗ್ಗವೆಂದು ಸಬ್ ಸ್ಟೇಷನ್ನನ್ನೋ ಟಿ.ಸಿ.ಯನ್ನೋ ನಿಲ್ಲಿಸುವವರು ಇದನ್ನು ನೆನೆಯಬೇಕು.

ಮುಂಗಾರು ಪೂರ್ವದ ಬಿರುಗಾಳಿಯದು ಮತ್ತೊಂದು ಕಥೆ. ಈ ಜಿಲ್ಲೆಯಲ್ಲಿ ದಶಕಗಳ ಕಾಲ ನೀಲಗಿರಿ ನೆಡುತೋಪುಗಳು ಹಬ್ಬಿದವು; ಹೊಸದಾಗಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿತು. ತಂತಿಯ ಪಕ್ಕ ಎತ್ತರಕ್ಕೆ ಬೆಳೆದ ನೀಲಗಿರಿ ಗಾಳಿಗೆ ಮುರಿದು ತಂತಿಯ ಮೇಲೆ ಬೀಳುತ್ತದೆ. ಅದಕ್ಕೆ ಪರಿಹಾರವೆಂದು ಹೊಂಗೆ, ಬೇವು, ಅತ್ತಿಗಳನ್ನೂ ಬುಡಸಹಿತ ಕಡಿಯುವುದು ಅವಿವೇಕ. ಹೊದಿಕೆಯುಳ್ಳ ಹೆಣೆದ ತಂತಿಗಳನ್ನು ಎಳೆದರೆ ಕೊಂಬೆ ತಾಗಿದರೂ ಅಪಾಯ ಕಡಿಮೆ, ಮರವೂ ಉಳಿಯುತ್ತದೆ.

ಹೊರೆ ಬೀಳುವುದು ಬೆಟ್ಟದ ಮೇಲೆ

ಬಯಲಿನ ಈ ಕೊರತೆಗಳು ಬೆಟ್ಟದ ಜನರಿಗೆ ಏಕೆ ಸಂಬಂಧಪಟ್ಟವು ಎಂಬ ಪ್ರಶ್ನೆ ಸಹಜ. ತಾಳಗುಪ್ಪದಿಂದ ನೆಲಮಂಗಲಕ್ಕೆ ಸಾಗುವ 400 ಕೆ.ವಿ. ಮಾರ್ಗವೇ ಅದಕ್ಕೆ ಉತ್ತರ. ಬಯಲಿನಲ್ಲಿ ಕೊರತೆಯಾದಾಗಲೆಲ್ಲ ಆಡಳಿತದ ಕಣ್ಣು ಪಶ್ಚಿಮಘಟ್ಟದ ಮೇಲೆ ಬೀಳುತ್ತದೆ. ವಿದ್ಯುತ್ತಿನ ಕೊರತೆಗೆ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ. ನೀರಿನ ಕೊರತೆಗೆ ಸಕಲೇಶಪುರದ ಹಳ್ಳಗಳನ್ನು ಪೂರ್ವಕ್ಕೆ ತಿರುಗಿಸುವ ಎತ್ತಿನಹೊಳೆ ಯೋಜನೆ. ಇದರ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಉದ್ಘಾಟನೆಯಾಯಿತು. ಇದರ ಫಲಾನುಭವಿಗಳ ಪಟ್ಟಿಯಲ್ಲಿ ಬೆಂಗಳೂರು ಗ್ರಾಮಾಂತರವೂ ಸೇರಿದೆ.

ಹಗಲಿನ ಸೌರವಿದ್ಯುತ್ತನ್ನು ಸಂಜೆಗೆ ಉಳಿಸಲು ಸಂಗ್ರಹಣೆ ಬೇಕೆಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಪಂಪ್ಡ್ ಸ್ಟೋರೇಜ್ ವಿದ್ಯುತ್ತನ್ನು ಹುಟ್ಟಿಸುವುದಿಲ್ಲ; ನಾಲ್ಕು ಯೂನಿಟ್ ಪಡೆದು ಸುಮಾರು ಮೂರು ಯೂನಿಟ್ ಹಿಂದಿರುಗಿಸುತ್ತದೆ. ಎತ್ತಿನಹೊಳೆಯ ನೀರೂ ತಾನಾಗಿ ಹರಿದುಬರುವುದಲ್ಲ. ಘಟ್ಟದ ಇಳಿಜಾರಿನಿಂದ ಅದನ್ನು ಯಂತ್ರಗಳಿಂದ ಮೇಲೆತ್ತಬೇಕು. ಅಂದರೆ ನೀರಿನ ಕೊರತೆಯನ್ನು ವಿದ್ಯುತ್ತಿನಿಂದಲೂ ವಿದ್ಯುತ್ತಿನ ಕೊರತೆಯನ್ನು ನೀರಿನಿಂದಲೂ ತುಂಬಿಸುವ ಹಾದಿಯಿದು. ಎರಡಕ್ಕೂ ಆಧಾರವಾದ ಮಳೆಯೇ ಅಸ್ಥಿರವಾಗುತ್ತಿರುವಾಗ ಈ ಹಾದಿಗೆ ಕೊನೆಯಿಲ್ಲ. 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಮನೆ, ರಸ್ತೆಗಳೊಡನೆ ವಿದ್ಯುತ್ ಕಂಬಗಳೂ ಕೊಚ್ಚಿಹೋದುದನ್ನು ನೆನೆದರೆ, ಕಾಡು ಕಡಿದು ಗುಡ್ಡ ಕೊರೆದು ಕಟ್ಟಿದ ವ್ಯವಸ್ಥೆ ಬಯಲಿಗೂ ಭದ್ರವಾದ ಆಸರೆಯಲ್ಲವೆಂಬುದು ತಿಳಿಯುತ್ತದೆ.

ಮಾಡಬೇಕಾದ ಕೆಲಸ

ಪರಿಹಾರದ ಮೊದಲ ಹೆಜ್ಜೆ ಹೊಲದಲ್ಲಿಯೇ ಇದೆ. ಜಿಲ್ಲೆಯ ವಾರ್ಷಿಕ ಮಳೆ ಸುಮಾರು 800 ಮಿ.ಮೀ. ಒಂದು ಎಕರೆಯ ಮೇಲೆ ಬೀಳುವ ಅಷ್ಟು ಮಳೆ 32 ಲಕ್ಷ ಲೀಟರ್ ಆಗುತ್ತದೆ. ಅದರಲ್ಲಿ ಒಂದು ಅಂಗುಲದಷ್ಟನ್ನು ಬದು, ಕೃಷಿಹೊಂಡ, ಮುಚ್ಚಿಗೆ, ಕೊಟ್ಟಿಗೆ ಗೊಬ್ಬರಗಳ ಮೂಲಕ ಹೆಚ್ಚಾಗಿ ಹಿಡಿದಿಟ್ಟರೆ ಒಂದು ಲಕ್ಷ ಲೀಟರ್ ನೀರು ಉಳಿಯಿತು. ಅಷ್ಟೇ ನೀರನ್ನು ಸಾವಿರ ಅಡಿಯಿಂದ ಎತ್ತಲು ಇನ್ನೂರು ಯೂನಿಟ್ಟಿಗೂ ಹೆಚ್ಚು ವಿದ್ಯುತ್ತು ಬೇಕಾಗುತ್ತಿತ್ತು. ಹತ್ತು ಎಚ್.ಪಿ.ವರೆಗಿನ ಪಂಪ್‌ಸೆಟ್ಟುಗಳಿಗೆ 2008ರಿಂದ ವಿದ್ಯುತ್ತು ಉಚಿತ. ರೈತನ ಬಿಲ್ಲಿನಲ್ಲಿ ಕಾಣದ ಈ ಉಳಿತಾಯ ರಾಜ್ಯದ ಲೆಕ್ಕದಲ್ಲಿ ಕಾಣಬೇಕು. ಬದು ಹಾಕುವುದಕ್ಕೂ ಕೆರೆಯ ಹೂಳೆತ್ತುವುದಕ್ಕೂ ವೆಚ್ಚ ಮಾಡುವ ಹಣವನ್ನು ವಿದ್ಯುತ್ ಜಾಲದ ರಕ್ಷಣೆಗೆ ಮಾಡಿದ ವೆಚ್ಚವೆಂದೇ ಪರಿಗಣಿಸುವುದು ನ್ಯಾಯ.

ದೇವನಹಳ್ಳಿಯ ಸಿಹಿನೀರು ಕೆರೆ ಒಂದು ನಿದರ್ಶನ. ನಗರದ ಸಂಸ್ಕರಿಸಿದ ನೀರು ಆ ಕೆರೆಯನ್ನು ಸೇರಿದ ಮೇಲೆ, ಪಾಳುಬಿದ್ದಿದ್ದ ಹಳೆಯ ತೆರೆದ ಬಾವಿಗೆ ಮತ್ತೆ ಜೀವ ಬಂದಿತು. ಆಳವಿಲ್ಲದ ಬಾವಿಯ ನೀರೆಂದರೆ ಕಡಿಮೆ ವಿದ್ಯುತ್ತಿನ ನೀರು. ಸಂಸ್ಕರಣೆಯ ಗುಣಮಟ್ಟವನ್ನು ನಿರಂತರವಾಗಿ ಪರೀಕ್ಷಿಸುವ ಹೊಣೆ ಮಾತ್ರ ಇಲ್ಲಿ ಸಡಿಲವಾಗಬಾರದು.

ಎರಡನೆಯದು ಬೆಳೆಯ ಆಯ್ಕೆ. ರಾಗಿ ಈ ನೆಲದ ಬೆಳೆ. ಜಿಪಿಯು 28, ಎಂಎಲ್ 365ರಂತಹ ತಳಿಗಳು ಮಳೆಯಾಶ್ರಯದಲ್ಲಿಯೂ ಒಳ್ಳೆಯ ಇಳುವರಿ ಕೊಡುತ್ತವೆ. ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ರೈತರ ಕೈಯಳತೆಯಲ್ಲಿಯೇ ಇದೆ. ಆದರೆ ರಾಗಿಗೆ ನ್ಯಾಯವಾದ ಬೆಲೆ ಹಾಗೂ ವಿಳಂಬವಿಲ್ಲದ ಖರೀದಿ ಇಲ್ಲದೆ, ಸಾಲ ಮಾಡಿ ಕೊಳವೆಬಾವಿ ಕೊರೆಸಿದ ರೈತನಿಗೆ ರಾಗಿ ಬೆಳೆಯೆಂದು ಉಪದೇಶಿಸುವುದು ಸಲ್ಲದು. ತೋಟಗಾರಿಕೆಯಲ್ಲಿ ಹನಿ ನೀರಾವರಿ ಹಾಗೂ ಮುಚ್ಚಿಗೆ ಅನಿವಾರ್ಯವಾಗಬೇಕು.

ಮೂರನೆಯದು ಜಾಲದ ಕೆಲಸ. ಪಂಪ್‌ಸೆಟ್ಟುಗಳಿಗೆ ಕೆಪಾಸಿಟರ್ ಹಾಕಿದರೆ ವೋಲ್ಟೇಜ್ ಸುಧಾರಿಸುತ್ತದೆ. ಇದು ಅಗ್ಗದ ಉಪಾಯ. ಪೂರೈಕೆಯ ವೇಳೆಯನ್ನು ಮುಂಚಿತವಾಗಿ ತಿಳಿಸಿ ಅದರಂತೆ ನಡೆದರೆ ಆಟೋ ಸ್ಟಾರ್ಟರಿನ ಅಗತ್ಯವೇ ಕಡಿಮೆಯಾಗುತ್ತದೆ. ಪ್ರತಿ ಟಿ.ಸಿ.ಗೂ ಮೀಟರ್ ಅಳವಡಿಸಿ, ಅದರ ಹೊರೆಯನ್ನು ಗ್ರಾಮಸಭೆಯಲ್ಲಿ ಓದಿಹೇಳಬೇಕು. ಕೃಷಿ ಫೀಡರುಗಳಿಗೆ ಹತ್ತಿರದಲ್ಲಿಯೇ ಸೌರ ಘಟಕ ಕಟ್ಟಿ ಹಗಲಿನಲ್ಲಿ ವಿದ್ಯುತ್ತು ಕೊಡುವುದು ಸ್ವಾಗತಾರ್ಹ. ರಾತ್ರಿ ಹಾವು, ಕತ್ತಲೆಗಳ ನಡುವೆ ನೀರು ಕಟ್ಟುವ ಕಷ್ಟ ಇದರಿಂದ ತಪ್ಪುತ್ತದೆ. ಆದರೆ ಬಿಸಿಲು ಉಚಿತವೆಂದು ಅಂತರ್ಜಲವನ್ನು ಮಿತಿಯಿಲ್ಲದೆ ಎತ್ತಿದರೆ ಸೌರ ಪಂಪೂ ಬರಿದಾದ ಕೊಳವೆಯ ಮೇಲೆಯೇ ನಿಲ್ಲಬೇಕಾಗುತ್ತದೆ. ಊರಿನ ನೀರಿನ ಲೆಕ್ಕ ಮೊದಲು, ಪಂಪಿನ ಲೆಕ್ಕ ಆಮೇಲೆ.

ಬೆಟ್ಟದವರೂ ಬಯಲಿನವರೂ ಪರಸ್ಪರ ಎದುರಾಳಿಗಳೆಂಬ ಮಾತು ಯೋಜನೆಗಳ ಕಾಲದಲ್ಲಿ ಮೇಲೆ ಬರುತ್ತದೆ. ಮೇಲಿನ ಲೆಕ್ಕ ಅದಕ್ಕೆ ವಿರುದ್ಧವಾದುದನ್ನು ಹೇಳುತ್ತದೆ. ದೊಡ್ಡಬಳ್ಳಾಪುರದ ಒಂದು ಕೆರೆಯಲ್ಲಿ ನೀರು ನಿಂತು ಅಂತರ್ಜಲ ನೂರು ಅಡಿ ಮೇಲೆ ಬಂದರೆ ಅಲ್ಲಿನ ಪಂಪುಗಳ ಹೊರೆ ಇಳಿಯುತ್ತದೆ, ಟಿ.ಸಿ. ಉಳಿಯುತ್ತದೆ, ಶರಾವತಿಯ ಕಣಿವೆಯ ಮೇಲಿನ ಒತ್ತಡವೂ ಅಷ್ಟರಮಟ್ಟಿಗೆ ತಗ್ಗುತ್ತದೆ. ಬೆಟ್ಟದ ಕಾಡು ಉಳಿದರೆ ಜಲಾಶಯಕ್ಕೆ ಹೂಳು ಕಡಿಮೆಯಾಗಿ ಬಯಲಿನ ದೀಪ ಹೆಚ್ಚು ಕಾಲ ಉರಿಯುತ್ತದೆ. ಆದುದರಿಂದ ಮುಂದಿನ ಬೇಸಗೆಯಲ್ಲಿ ಈ ಜಿಲ್ಲೆಯ ಕೆರೆಗಳ ಹೂಳೆತ್ತುವ ಕೆಲಸಕ್ಕೆ ಬೆಟ್ಟದ ಬಳಗದವರು ಬಂದು ಕೈಜೋಡಿಸಬೇಕು. ಬೆಟ್ಟದ ಕಣಿವೆಗಳ ಪ್ರಶ್ನೆ ಬಂದಾಗ ಈ ಬಯಲಿನ ರೈತರು ದನಿಗೂಡಿಸಬೇಕು. ಇಬ್ಬರ ಪಾಲಿಗೂ ಇರುವುದು ಒಂದೇ ಮಳೆ.